ಹಳ್ಳದ ಸಹಿ

ಶೇರುವಿನ ಊಟ ಹಗ್ಗದಲ್ಲಿ ಇಳಿಯುತ್ತಿತ್ತು.

ಮಧ್ಯಾಹ್ನ ಒಂದು ಗಂಟೆಗೆ ಪಂಚಾಕ್ಷರಪ್ಪನವರ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಬಳೆಯ ಕೈಯೊಂದು ಕಾಣುತ್ತಿತ್ತು. ಹಿಂದೆಯೇ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್ ಗೋಡೆಗೆ ಟಣ್ ಟಣ್ ಎಂದು ತಗಲುತ್ತಾ ಕೆಳಗೆ ಬರುತ್ತಿತ್ತು. ಗಾದ್ರಮ್ಮ ಎರಡೂ ಕೈ ಎತ್ತಿ ಅದನ್ನು ಹಿಡಿದುಕೊಳ್ಳುತ್ತಿದ್ದಳು. ಗೋಡೆ ಹತ್ತಡಿ ಎತ್ತರ. ಆ ಮನೆಯ ಗೇಟಿನಿಂದ ಸುತ್ತಿ ಬಂದರೆ ಗಾದ್ರಮ್ಮನ ಬಾಗಿಲು ಅರ್ಧ ಮೈಲಿ. ಸುತ್ತಿ ಬಂದವರು ಯಾರೂ ಇಲ್ಲ.

ಶೇರು ಪಂಚಾಕ್ಷರಪ್ಪನವರ ನಾಯಿ. ಹಳದಿ ಬಣ್ಣದ ಲ್ಯಾಬ್ರಡಾರ್, ನಾಲ್ಕು ವರ್ಷದ್ದು. ಅವರ ಮನೆಯ ಮೇಲೆ ಇನ್ನೊಂದು ಅಂತಸ್ತು ಏಳುತ್ತಿತ್ತು. ಗಾರೆ ಕೆಲಸದವರನ್ನು ಕಂಡರೆ ಶೇರು ಮೈಮೇಲೆ ಎಗರುತ್ತಿತ್ತು. ಹಾಗಾಗಿ ಕೆಲಸ ಮುಗಿಯುವ ತನಕ ಅದು ಗಾದ್ರಮ್ಮನ ಮನೆಯಲ್ಲಿ. ಅಲ್ಲಿ ಮಲಗಬಹುದು. ಅಲ್ಲಿ ಮೈ ತೊಳೆಸಿಕೊಳ್ಳಬಹುದು. ಅವಳ ಸೆರಗಿಗೆ ಮೂತಿ ಒರೆಸಬಹುದು. ಅಲ್ಲಿಯ ಅನ್ನ ಮಾತ್ರ ತಿನ್ನಬಾರದು.

“ನಮ್ಮ ಶೇರು ಪ್ಯೂರ್ ವೆಜ್ಜು. ಅದಕ್ಕೆ ನಮ್ಮನೆ ಒಲೆದೇ ಊಟ ಆಗಬೇಕು,” ಎಂದು ಪಂಚಾಕ್ಷರಪ್ಪ ಮೊದಲೇ ಹೇಳಿದ್ದರು.

ಅವರು ಅಡಿಕೆ ವ್ಯಾಪಾರದ ಯಜಮಾನರು. ಪ್ರತಿ ಭಾನುವಾರ ಕಾರಿನಲ್ಲಿ ಗಾದ್ರಮ್ಮನ ಕಾಲೋನಿಯ ಬಾಯಿಗೆ ಬಂದು ಹಾರನ್ ಹೊಡೆಯುತ್ತಿದ್ದರು. ಗಾದ್ರಮ್ಮ ನಾಯಿಯನ್ನು ಅಲ್ಲಿಗೆ ಕರೆದೊಯ್ಯಬೇಕು. ಅವರು ಕಾರಿನಿಂದಿಳಿದು, ಪಂಚೆ ಎತ್ತಿ ಹಿಡಿದು, ಬಗ್ಗಿ, ನಾಯಿಯ ಬಾಯಿ ಮೂಸುತ್ತಿದ್ದರು. ನಾಯಿ ಮನುಷ್ಯನನ್ನು ಮೂಸುವುದನ್ನು ಕಾಲೋನಿಯವರು ಕಂಡಿದ್ದರು. ಮನುಷ್ಯ ನಾಯಿಯನ್ನು ಮೂಸುವುದನ್ನು ಅಲ್ಲೇ ಮೊದಲು ಕಂಡದ್ದು.

ಶೇರು ಮಾತ್ರ ಕ್ಯಾರಿಯರಿನ ಊಟಕ್ಕೆ ಬಾಯಿ ಹಾಕುತ್ತಿರಲಿಲ್ಲ. ಗಾದ್ರಮ್ಮನ ಗಂಡ ಚಿತ್ತಪ್ಪ ರಾಗಿ ಮುದ್ದೆ ಮುರಿಯುವುದನ್ನೇ ನೋಡುತ್ತಾ ಜೊಲ್ಲು ಸುರಿಸುತ್ತಿತ್ತು. ಕೊನೆಗೆ ಆದದ್ದು ಇಷ್ಟು. ಮುದ್ದೆ ಶೇರು ತಿಂದಿತು, ಮೊಸರನ್ನ ಚಿತ್ತಪ್ಪ ತಿಂದ. ಶನಿವಾರ ಸಂಜೆಯಿಂದ ಮಾತ್ರ ಅವರವರ ಊಟ ಅವರವರಿಗೆ. “ನಾಳೆ ನಿಂದು ಬಾಯಿ ಪರೀಕ್ಷೆ ಐತೆ ಕಣಪ್ಪ, ಇದನ್ನೇ ಉಣ್ಣು,” ಎಂದು ಚಿತ್ತಪ್ಪ ಅದರ ತಲೆ ಸವರುತ್ತಿದ್ದ.

ಹಸಿರು ಬಳೆಯ ಕೈ ಪಂಚಾಕ್ಷರಪ್ಪನವರ ಸೊಸೆ ಸಂಧ್ಯಾರಾಣಿಯದು. ಒಂದೊಂದು ದಿನ ಮೇಲಿನ ಡಬ್ಬಿಯಲ್ಲಿ ನಾಯಿಗಲ್ಲದ ವಸ್ತು ಇರುತ್ತಿತ್ತು. ಪೇಪರಿನಲ್ಲಿ ಸುತ್ತಿದ ಎರಡು ಹೋಳಿಗೆ. ಗೋಡೆಯಾಚೆಗೆ ಗಾದ್ರಮ್ಮನ ಕೆಮ್ಮು ಕೇಳಿದ ಮರುದಿನ ಕೆಮ್ಮಿನ ಮಾತ್ರೆ. ಇಬ್ಬರೂ ಒಂದು ಸಲವೂ ಎದುರು ನಿಂತು ಮಾತಾಡಿದವರಲ್ಲ.

ಕೆಂಚನಕಟ್ಟೆ ಎಂಬ ಆ ಪಟ್ಟಣ ಹೊನ್ನಾಳಿಗೂ ಚನ್ನಗಿರಿಗೂ ನಡುವೆ ಇದೆ. ಅಲ್ಲಿ ಗಾದ್ರಮ್ಮನ ಮನೆಗೆ ನಂಬರಿಲ್ಲ, ಹೆಸರಿದೆ. ನಾಯಿ ಹಿಡಿಯೋರ ಮನೆ. ಚಿತ್ತಪ್ಪನ ಅಪ್ಪ ಊರಿನ ಬೀದಿ ನಾಯಿಗಳನ್ನು ಕಬ್ಬಿಣದ ಇಕ್ಕಳದಲ್ಲಿ ಹಿಡಿಯುತ್ತಿದ್ದ. ಅವನು ಸತ್ತ ಮೇಲೆ ಇಕ್ಕಳ ಚಿತ್ತಪ್ಪನ ಕೈಗೆ ಬಂತು. ಹದಿನೆಂಟು ವರ್ಷ ಹಿಡಿದ. ಹಿಡಿದದ್ದನ್ನು ಕೊಂದ. ಕೊಂದದ್ದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಹೂತ. ಬಲಗೈಯ ಎರಡು ಬೆರಳು ಒಂದು ಕರಿ ನಾಯಿಯ ಬಾಯಿಗೆ ಹೋದವು. ಆಮೇಲೆ ಕಾನೂನು ಬದಲಾಯಿತು. ನಾಯಿ ಕೊಲ್ಲುವಂತಿಲ್ಲ ಎಂದರು. ಕೆಲಸ ಹೋಯಿತು. ಹೆಸರು ಉಳಿಯಿತು.

ಗಾದ್ರಮ್ಮ ಜಗಳೂರು ಸೀಮೆಯವಳು. ಅವಳ ಅಪ್ಪ ಪರರ ಕುರಿಹಟ್ಟಿಯಲ್ಲಿ ಕಾವಲಿಗಿದ್ದ. ಹಟ್ಟಿಯ ನಾಯಿಗಳ ಹೊಟ್ಟೆಗೆ ಬೆನ್ನು ಕೊಟ್ಟು ಮಲಗಿ ಬೆಳೆದವಳು. ಹಸಿವಿನ ಬೊಗಳು ಯಾವುದು, ನೋವಿನದು ಯಾವುದು, ಬರೀ ಬೇಸರದ್ದು ಯಾವುದು ಎಂದು ಅವಳ ಕಿವಿಗೆ ಗೊತ್ತು. ಗಂಡನ ಕೆಲಸ ಹೋದ ಮೇಲೆ ಕಲ್ಯಾಣ ಮಂಟಪದಲ್ಲಿ ಪಾತ್ರೆ ತಿಕ್ಕಿದಳು, ಎಲೆ ಎತ್ತಿದಳು, ಚರಂಡಿಗೆ ಕೈ ಹಾಕಿ ಕಟ್ಟಿದ ಅನ್ನ ತೆಗೆದಳು. ಒಂದು ಮದುವೆಗೆ ಹೊನ್ನಾಳಿಯ ಡಾಕ್ಟರಮ್ಮ ಬಂದಿದ್ದರು. ಅವರ ಪಮೇರಿಯನ್ ಕಾರಿನೊಳಗೆ ಗಂಟಲು ಹರಿಯುವಂತೆ ಒದರುತ್ತಿತ್ತು. ಗಾದ್ರಮ್ಮ ಹೋಗಿ ಗಾಜಿನ ಸಂದಿಯಲ್ಲಿ ಕೈ ತೂರಿಸಿ ಅದೇನೋ ಅಂದಳು. ಸುಮ್ಮನಾಯಿತು. ಮುಂದಿನ ತಿಂಗಳು ಡಾಕ್ಟರಮ್ಮ ಪ್ರವಾಸ ಹೊರಟಾಗ ಆ ನಾಯಿ ಅವಳ ಮನೆಗೇ ಬಂತು.

ಹಾಗೆ ಶುರುವಾದದ್ದು. ನ್ಯಾಮತಿಯ ಬ್ಯಾಂಕ್ ಮ್ಯಾನೇಜರರ ಎರಡು ನಾಯಿ, ಕೆರೆಬಿಳಚಿಯ ತೋಟದವರ ಅಲ್ಸೇಷಿಯನ್, ಗೋವಿನಕೋವಿಯ ಲಕ್ಷ್ಮಿದೇವಿ ಟೀಚರ ಕುರುಡು ಮುದಿ ನಾಯಿ. ಟೀಚರು ನಿವೃತ್ತರಾಗಿದ್ದರು. ಅವರೊಬ್ಬರೇ ಹೊಸಿಲು ದಾಟಿ ಒಳಗೆ ಬಂದು, ಮಂಚದ ಮೇಲೆ ಕೂತು, ಗಾದ್ರಮ್ಮ ಕೊಟ್ಟ ಚಹಾ ಕುಡಿದವರು. ಕುಡಿದು ಲೋಟವನ್ನು ತಾವೇ ತೊಳೆಯಲು ಎದ್ದಾಗ ಗಾದ್ರಮ್ಮನ ಮುಖ ಸಣ್ಣದಾಯಿತು. ಟೀಚರು ಅದನ್ನು ಕಂಡು ಲೋಟವನ್ನು ಹಾಗೇ ಕೆಳಗಿಟ್ಟರು. “ನೀವೇ ತೊಳೀರಿ ಗಾದ್ರಮ್ಮ, ನಾನು ನಿಮ್ಮನೆ ನೆಂಟಳು,” ಎಂದರು. ಹೊರಡುವಾಗ, “ಇದು ನಾಯಿಗಳ ತಂಗುಮನೆ ಕಣ್ರೀ. ಹಂಗಂತ ಒಂದು ಬೋರ್ಡ್ ಬರೆಸ್ರಿ,” ಎಂದರು.

ಬೋರ್ಡ್ ಬರೆಸಲಿಲ್ಲ. ಕೆಲಸ ಮಾತ್ರ ನಡೆಯಿತು. ನಸುಕಿಗೆ ಎದ್ದು ಬೀದಿ ನಲ್ಲಿಯಿಂದ ಇಪ್ಪತ್ತು ಕೊಡ ನೀರು. ರಾತ್ರಿಯ ಹೇಲು ಬಾಚುವುದು, ಫಿನಾಯಿಲ್ ಹಾಕಿ ನೆಲ ತಿಕ್ಕುವುದು. ಕಿವಿಯ ಸಂದಿಯ ಉಣ್ಣೆ ಹುಳುಗಳನ್ನು ಉಗುರಿನಲ್ಲಿ ಕಿತ್ತು ಸೀಮೆಎಣ್ಣೆಗೆ ಹಾಕುವುದು. ಕುರುಡು ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಒಯ್ಯುವುದು. ಅವಳು ತಿನ್ನುವ ಅನ್ನದಲ್ಲೂ ನಾಯಿ ಕೂದಲು. ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೆ ನಾಯಿಗಳು ಚಿತ್ತಪ್ಪನ ಮೂರು ಬೆರಳಿನ ಕೈಯನ್ನು ನೆಕ್ಕುತ್ತಿದ್ದವು. ಮೊದಲ ಸಲ ನೆಕ್ಕಿದ ದಿನ ಅವನು ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಶೇರು ಬಂದ ಹದಿನೈದನೇ ದಿನ ಪಟ್ಟಣ ಪಂಚಾಯಿತಿ ಕಚೇರಿಯಿಂದ ನೋಟಿಸು ಬಂತು. ಗಾದ್ರಮ್ಮ ಏಳನೇ ಕ್ಲಾಸು ಓದಿದವಳು. ಬೆರಳಿಟ್ಟು ಓದಿದಳು. ‘ಪರವಾನಗಿ ಇಲ್ಲದೆ ನಾಯಿಗಳನ್ನು ಇರಿಸಿಕೊಂಡು ಉದ್ದಿಮೆ ನಡೆಸುತ್ತಿರುವುದು ಸಾರ್ವಜನಿಕ ದೂರಿನಿಂದ ತಿಳಿದುಬಂದಿದೆ. ಹದಿನೈದು ದಿನಗಳೊಳಗೆ ಪರವಾನಗಿ ಪಡೆಯತಕ್ಕದ್ದು. ತಪ್ಪಿದಲ್ಲಿ ನಾಯಿಗಳನ್ನು ವಶಕ್ಕೆ ಪಡೆದು ಜಾಗಕ್ಕೆ ಬೀಗಮುದ್ರೆ ಹಾಕಲಾಗುವುದು.’

ಜಾಗ ಎಂದರೆ ಮನೆ. ಇರುವುದು ಒಂದೇ ಮನೆ. ನಾಯಿಗೆ ಬೀಗ ಬಿದ್ದರೆ ಅವಳಿಗೂ ಬಿತ್ತು.

ಕಚೇರಿಯಲ್ಲಿ ಪರವಾನಗಿ ನೋಡುವವನು ಭೀಮೇಶ್ ಎಂಬ ಗುಮಾಸ್ತ.

“ಏನಮ್ಮ ಉದ್ದಿಮೆ?”

“ನಾಯಿ ನೋಡಿಕೊಳ್ಳಾದು ಸಾ.”

“ನಾಯಿ ಹಿಡಿಯಾದಾ? ಚಿತ್ತಪ್ಪನ ಹೆಂಡ್ತಿ ಅಲ್ಲೇನು ನೀನು?”

“ಹಿಡಿಯಾದಲ್ಲ ಸಾ. ಅವರು ಊರಿಗೆ ಹೋಗಾವಾಗ ಬಿಟ್ಟು ಹೋಗ್ತಾರೆ. ಬಂದ ಮ್ಯಾಲೆ ಕರಕಂಡು ಹೋಗ್ತಾರೆ.”

ಭೀಮೇಶ್ ಕಂಪ್ಯೂಟರಿನ ಪಟ್ಟಿ ಮೇಲಿಂದ ಕೆಳಗೆ ಎಳೆದ. ಹೋಟೆಲ್ಲು, ಕಿರಾಣಿ, ಹಿಟ್ಟಿನ ಗಿರಣಿ, ಸೈಕಲ್ ಶಾಪು. “ನಾಯಿದು ಇಲ್ಲ. ಹಂದಿ ಸಾಕಾಣಿಕೆ ಐತೆ. ಅದನ್ನೇ ಒತ್ತಲೇನು? ನಿಮ್ಮೋರಿಗೆ ರೂಢಿ ಐತಲ್ಲ.”

ಪಕ್ಕದ ಟೇಬಲಿನವನು ನಕ್ಕ.

“ಹಂದಿ ಸಾಕಿದ್ರೆ ಹಂದಿ ಅಂತಲೇ ಹೇಳ್ತಿದ್ದೆ ಸಾ. ‘ಇತರೆ’ ಅಂತ ಇಲ್ವೇನು ನೋಡ್ರಿ. ಎಲ್ಲಾ ಫಾರಮ್ಮಿನಾಗೂ ನಮ್ಮನ್ನ ಅದ್ರಾಗೇ ಹಾಕ್ತೀರಲ್ಲ.”

‘ಇತರೆ’ ಇತ್ತು. ಅದರ ಮುಂದೆ ‘ನಾಯಿಗಳ ತಂಗುಮನೆ’ ಎಂದು ಬರೆಸಿದಳು. ಪಶು ಆಸ್ಪತ್ರೆಯ ಪತ್ರ, ಚುಚ್ಚುಮದ್ದಿನ ಚೀಟಿಗಳು, ಮನೆಯ ಹಕ್ಕುಪತ್ರ, ಎಲ್ಲ ಇದ್ದವು. ಕೊನೆಗೆ ಭೀಮೇಶ್ ಬೇರೆ ಒಂದು ಹಾಳೆ ಕೊಟ್ಟ. ಚಕ್ಕುಬಂದಿಯವರ ಒಪ್ಪಿಗೆ. ಮನೆಯ ನಾಲ್ಕು ದಿಕ್ಕಿಗೆ ಯಾರಿದ್ದಾರೋ ಅವರು ನಮ್ಮದೇನೂ ತಕರಾರಿಲ್ಲ ಎಂದು ಸಹಿ ಹಾಕಬೇಕು. ನಾಲ್ಕು ಖಾನೆ.

ಪೂರ್ವಕ್ಕೆ ಇಮಾಮ್‌ಸಾಬ್, ಗಾದಿ ಹೊಲಿಯುವವರು. ಹತ್ತಿ ಹಿಂಜುತ್ತಿದ್ದ ಕೈ ಒರೆಸಿಕೊಂಡು, ಕಾಗದದ ಮೇಲೆ ಕೂತ ಹತ್ತಿಯನ್ನು ಉಫ್ ಎಂದು ಊದಿ, ಸಹಿ ಹಾಕಿದರು. “ಹರಕು ಗಾದಿ ಎರಡು ಐತೆ ಬೇಟಿ, ಒಯ್ಯಿ. ಮುದಿ ನಾಯಿಗೆ ನೆಲ ಥಂಡಿ ಆಗ್ತೈತೆ,” ಎಂದರು. ಪಶ್ಚಿಮಕ್ಕೆ ಲಕ್ಷ್ಮಕ್ಕ. ನಾಯಿ ಒದರಿದಾಗಲೆಲ್ಲ ಗೋಡೆಗೆ ಒನಕೆ ಬಡಿಯುವವಳು. ಗಾದ್ರಮ್ಮ ಅಂಜುತ್ತಲೇ ಹೋದಳು.

“ತಾರೆ ಇಲ್ಲಿ,” ಎಂದು ಲಕ್ಷ್ಮಕ್ಕ ಹೆಬ್ಬೆಟ್ಟು ಚಾಚಿದಳು. “ನಾಳೆಯಿಂದ ಬೈಯಾದಿಲ್ಲ ಅನ್ಕಬ್ಯಾಡ ಮತ್ತೆ. ಹೆಬ್ಬೆಟ್ಟು ಬ್ಯಾರೆ, ಬೈಗಳ ಬ್ಯಾರೆ.”

ದಕ್ಷಿಣಕ್ಕೆ ರಸ್ತೆ. “ರಸ್ತೆ ನಮ್ದೇ, ಬಿಡು,” ಎಂದ ಭೀಮೇಶ್. ಆಮೇಲೆ ಹಕ್ಕುಪತ್ರದ ಮೇಲೆ ಬೆರಳಿಟ್ಟ. “ಉತ್ತರಕ್ಕೆ ಹಳ್ಳ ಅಂತ ಐತಲ್ಲಮ್ಮ.”

ಮೂವತ್ತು ವರ್ಷದ ಹಿಂದೆ ಹಕ್ಕುಪತ್ರ ಕೊಟ್ಟಾಗ ಅಲ್ಲಿ ಹಳ್ಳವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಗಾದ್ರಮ್ಮ ಅಲ್ಲೇ ಬಟ್ಟೆ ಒಗೆದವಳು. ಆಮೇಲೆ ಟ್ರ್ಯಾಕ್ಟರುಗಳಲ್ಲಿ ಮಣ್ಣು ಬಂತು. ಹಳ್ಳ ಮುಚ್ಚಿತು. ಅದರ ಮೇಲೆ ಲೇಔಟ್ ಎದ್ದಿತು. ಲೇಔಟಿಗೆ ಗೋಡೆ ಎದ್ದಿತು.

“ಈಗ ಅಲ್ಲಿ ಪಂಚಾಕ್ಷರಪ್ಪನೋರ ಮನೆ ಐತೆ ಸಾ.”

“ಹಂಗಾದ್ರೆ ಅವರ ಸಹಿ ತಗಂಡು ಬಾ.”

ಅದೇನು ಕಷ್ಟ ಎಂದುಕೊಂಡಳು. ಅವರ ನಾಯಿ ತನ್ನ ಮಂಚದ ಕೆಳಗೇ ಮಲಗಿದೆ. ಭಾನುವಾರ ಕಾರಿನ ಬಳಿ ಹಾಳೆ ಮುಂದೆ ಹಿಡಿದಳು. ಪಂಚಾಕ್ಷರಪ್ಪ ನಾಯಿಯ ಬಾಯಿ ಮೂಸಿ ಮುಗಿಸಿ, ಕೈ ಒರೆಸಿಕೊಂಡು, ಕನ್ನಡಕ ಹಾಕಿ ಓದಿದರು. ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳನ್ನು ನೋಡಿ ನಗುವಂಥದ್ದು.

“ಇದಾಗಾದಿಲ್ಲ ಗಾದ್ರಮ್ಮ. ನನ್ನ ಕ್ರಯಪತ್ರದಾಗೆ ದಕ್ಷಿಣಕ್ಕೆ ಸರ್ಕಾರಿ ಖರಾಬು ಅಂತ ಐತೆ, ಬರೀ ಬೀಳು ಜಾಗ. ಮನೆ ಅಂತ ಇಲ್ಲ. ಇಲ್ಲದ ಮನೆಗೆ ನಾನು ಹೆಂಗೆ ಸಹಿ ಹಾಕ್ಲಿ? ನಾಳೆ ನಾನು ಮನೆ ಮಾರ್ತೀನಿ ಅಂದ್ರೆ, ಪಕ್ಕದಾಗೆ ಯಾರದಾರೆ ಅಂತ ಬರ್ಕೊಡ್ಲಿ?”

“ನಾನದೀನಿ ಅಂತ ಬರೀರಿ ಯಜಮಾನ್ರೆ.”

ಅವರು ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟರು. ಶೇರು ಇಬ್ಬರ ನಡುವೆ ಬಾಲ ಅಲ್ಲಾಡಿಸುತ್ತಾ ನಿಂತಿತ್ತು.

ಹಳ್ಳ ಸರ್ಕಾರದ್ದು, ತಾಲ್ಲೂಕು ಕಚೇರಿಗೆ ಹೋಗು ಎಂದ ಭೀಮೇಶ್. ಬಸ್ಸಿನಲ್ಲಿ ಹೋದಳು. ಸರ್ವೆಯವರು ಸಿಗಲು ಎರಡು ದಿನ. ಮೂರನೆಯ ದಿನ ಸಿಕ್ಕವರು ನಕ್ಷೆ ಬಿಡಿಸಿ ತೋರಿಸಿದರು. ನೀಲಿ ಗೆರೆಯೊಂದು ಹಾವಿನಂತೆ ಹರಿದಿತ್ತು. ಅದರ ಮಗ್ಗುಲಲ್ಲೇ ಅವಳ ಮನೆಯ ಚೌಕ.

“ನಕ್ಷೆಯಾಗೆ ಹಳ್ಳ ಐತೆ. ಜಾಗದಾಗೆ ಲೇಔಟ್ ಐತೆ. ಲೇಔಟಿಗೆ ಮಂಜೂರಾತಿ ಐತೆ. ಅಂದ ಮ್ಯಾಲೆ ಹಳ್ಳ ಇಲ್ಲ. ಇಲ್ಲದ ಹಳ್ಳಕ್ಕೆ ನಾವು ಹೆಂಗೆ ಒಪ್ಪಿಗೆ ಕೊಡಾದು?”

ಗಾದ್ರಮ್ಮ ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ನನ್ನ ಕಾಗದದಲ್ಲಿ ಅವರ ಮನೆ ಇಲ್ಲ. ಅವರ ಕಾಗದದಲ್ಲಿ ನನ್ನ ಮನೆ ಇಲ್ಲ. ಸರ್ಕಾರದ ಕಾಗದದಲ್ಲಿ ಇರುವ ಹಳ್ಳ ನೆಲದ ಮೇಲಿಲ್ಲ. ಇರುವುದು ನಾಯಿ ಒಂದೇ. ಅದು ಎರಡೂ ಮನೆಯಲ್ಲಿದೆ.

ಮರಳಿ ಭೀಮೇಶನ ಮುಂದೆ ನಿಂತಳು. ಅವನಿಗೆ ಊಟದ ಹೊತ್ತು.

“ಅವರೂ ಹಾಕಲ್ಲ, ಇವರೂ ಹಾಕಲ್ಲ ಅಂದ್ರೆ ನಾನೇನು ಮಾಡ್ಲಿ? ಒಂದು ಕೆಲಸ ಮಾಡು. ಹಳ್ಳದ್ದೇ ಸಹಿ ತಗಂಡು ಬಾರಮ್ಮ.”

ಟೇಬಲ್ಲಿನಿಂದ ಟೇಬಲ್ಲಿಗೆ ನಗು ಹೋಯಿತು. ಟಪಾಲು ತೆಗೆದುಕೊಳ್ಳುವ ದುರ್ಗಾಂಬಿಕಾ ಎಂಬ ಹುಡುಗಿ ನಗಲಿಲ್ಲ. ಗಾದ್ರಮ್ಮ ಬಾಗಿಲ ಬಳಿ ಗೋಡೆ ಹಿಡಿದು ನಿಂತಾಗ ಅವಳು ತನ್ನ ನೀರಿನ ಬಾಟಲಿ ಚಾಚಿದಳು. “ಬಾಯಿ ಹಚ್ಚೇ ಕುಡೀರಿ, ಪರವಾಗಿಲ್ಲ,” ಎಂದಳು. ಗಾದ್ರಮ್ಮ ಎತ್ತಿ ಹಿಡಿದೇ ಕುಡಿದಳು. ಆದರೆ ಆ ಮಾತನ್ನು ಮನೆಯ ತನಕ ಒಯ್ದಳು.

ಅವಧಿಗೆ ಇನ್ನು ನಾಲ್ಕು ದಿನ. ಭಾನುವಾರ ಬಂತು. ಹಾರನ್ ಆಯಿತು. ಈ ಸಲ ಪಂಚಾಕ್ಷರಪ್ಪ ನಾಯಿಯನ್ನು ಮೂಸುವ ಮೊದಲೇ ಮಾತಾಡಿದರು.

“ನಿನ್ನ ಕಷ್ಟ ನನಗೆ ತಿಳೀತೈತೆ. ಒಂದು ದಾರಿ ಮಾಡೀನಿ. ಗೋಡೌನಿನ ಹಿಂದೆ ಶೆಡ್ ಹಾಕಿಸ್ತೀನಿ. ಪರವಾನಗಿ ನಮ್ಮ ಸಂಧ್ಯಾರಾಣಿ ಹೆಸರಿಗೆ. ಕಚೇರಿಯಾಗೆ ಮಾತಾಡೀನಿ, ಎರಡು ದಿನಕ್ಕೆ ಆಗ್ತೈತೆ. ನಿನ್ನತ್ರ ಬರಾ ನಾಯಿಗಳೆಲ್ಲ ಅಲ್ಲಿಗೇ ಬರ್ಲಿ. ಕೆಲಸ ನೀನೇ ಮಾಡು, ಸಂಬಳ ಕೊಡ್ತೀನಿ. ನಾಯಿ ಅಂದ್ರೆ ನಿನ್ನ ಕೈಯೇ ಬೇಕು, ಅದನ್ನ ಯಾರೂ ಅಲ್ಲ ಅನ್ನಾದಿಲ್ಲ.”

“ಹೆಸರು?”

“ಹೆಸರು ನಮ್ದು, ಕೈ ನಿಂದು. ಹಿಂದಿನ ಬಾಗಿಲಿಂದ ಬಂದು ಹೋಗು. ಮುಂದೆ ಗಿರಾಕಿ ಇರ್ತಾರೆ.” ಆಮೇಲೆ ಬಗ್ಗಿ ಶೇರುವಿನ ಬಾಯಿ ಮೂಸಿದರು. “ನಾಳೆ ಹೇಳು.”

ಮನೆಯಲ್ಲಿ ಚಿತ್ತಪ್ಪ ಕೇಳಿಸಿಕೊಂಡ. ಕುರುಡು ನಾಯಿ ಅವನ ಕಾಲ ಮೇಲೆ ಮಲಗಿತ್ತು.

“ಹೂಂ ಅಂದ್ರೆ ಮನೆ ಉಳಿತೈತೆ,” ಎಂದಳು ಗಾದ್ರಮ್ಮ. “ಇಲ್ಲ ಅಂದ್ರೆ ನಾಯಿಗಳನ್ನೂ ಒಯ್ತಾರೆ, ಬೀಗಾನೂ ಹಾಕ್ತಾರೆ. ಏನಂತೀಯ?”

ಚಿತ್ತಪ್ಪ ನಾಯಿಯ ಕಿವಿ ನೀವಿದ.

“ನಂಗೆ ಕೇಳಬ್ಯಾಡ ಗಾದ್ರಿ. ಅಪ್ಪ ಸತ್ತ ಮೂರನೇ ದಿನ ಇಕ್ಕಳ ತಂದು ಕೈಗೆ ಕೊಟ್ರು. ಹಿಡಕಂಡೆ. ಹದಿನೆಂಟು ವರ್ಷ ಹಿಡಕಂಡೆ. ಒಂದು ದಿನಾನೂ ಬ್ಯಾಡ ಅನ್ನಲಿಲ್ಲ. ಅಂದಿದ್ರೆ ಏನಾಗ್ತಿತ್ತೋ ಗೊತ್ತಿಲ್ಲ. ಅನ್ನಲಿಲ್ಲ, ಅಷ್ಟೇ.” ಅವನು ಮೂರು ಬೆರಳಿನ ಕೈಯನ್ನು ತಿರುಗಿಸಿ ನೋಡಿದ. “ಈ ಬೆರಳು ಹೋಗಿದ್ದಕ್ಕೆ ಬ್ಯಾಸರಿಲ್ಲ. ಬ್ಯಾಡ ಅನ್ನಲಿಲ್ಲವಲ್ಲ, ಅದಕ್ಕೆ.”

ಸೋಮವಾರ ಬೆಳಗಿನಿಂದಲೇ ಮಳೆ. ಒಂದು ಗಂಟೆಗೆ ಹಸಿರು ಬಳೆ ಕಂಡಿತು. ಕ್ಯಾರಿಯರ್ ಇಳಿಯಿತು. ಮೇಲಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಝೆರಾಕ್ಸ್ ಹಾಳೆ ಇತ್ತು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು. ‘ನನ್ನ ಹೆಸರಲ್ಲಿ ಮಾಡಿಸ್ತಾರಂತೆ. ನನ್ನ ಕೇಳಿಲ್ಲ. ನಾನು ಕೊಟ್ಟೆ ಅಂತ ಹೇಳಬೇಡಿರಿ.’

ಅದು ಕಚೇರಿಗೆ ಕೊಟ್ಟ ದೂರಿನ ನಕಲು. ಲೇಔಟಿನ ನಿವಾಸಿಗಳ ಪರವಾಗಿ ಬರೆದದ್ದು. ‘ನಮ್ಮ ಬಡಾವಣೆಯ ದಕ್ಷಿಣ ಗೋಡೆಗೆ ಹೊಂದಿಕೊಂಡಿರುವ ಗಾದ್ರಮ್ಮ ಕೋಂ ಚಿತ್ತಪ್ಪ ಇವರ ಮನೆಯಲ್ಲಿ ನಾಯಿಗಳ ಗದ್ದಲ ಮತ್ತು ದುರ್ವಾಸನೆಯಿಂದ...’ ಕೆಳಗೆ ಪಂಚಾಕ್ಷರಪ್ಪನವರ ಸಹಿ. ತಾರೀಖು ನೋಡಿದಳು. ಶೇರುವನ್ನು ತಂದು ಬಿಟ್ಟ ಮೂರನೆಯ ದಿನ.

ಗಾದ್ರಮ್ಮ ಮೂರು ಸಲ ಓದಿದಳು. ಗದ್ದಲ, ದುರ್ವಾಸನೆ ಅವಳಿಗೆ ನಾಟಲಿಲ್ಲ. ಅವು ಹಳೆಯ ಮಾತು. ಒಂದೇ ಪದದ ಮೇಲೆ ಬೆರಳು ನಿಂತಿತು. ಹೊಂದಿಕೊಂಡಿರುವ. ಆಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದಳು. ಪೂರ್ತಿ ಉರಿಯುವ ತನಕ ಅಲ್ಲೇ ಕೂತಳು. ಸೊಸೆಯ ಪೆನ್ಸಿಲ್ ಅಕ್ಷರ ಯಾರ ಕಣ್ಣಿಗೂ ಬೀಳಬಾರದು.

ಮೂರು ಗಂಟೆಗೆ ಹಳ್ಳ ಬಂತು.

ಪ್ರತಿ ಮಳೆಗಾಲ ಬರುತ್ತದೆ. ಮುಚ್ಚಿದ್ದು ಮೇಲಿನಿಂದ, ನೀರಿಗೆ ತನ್ನ ದಾರಿ ಗೊತ್ತು. ಗೋಡೆಯ ಬುಡದಿಂದ ಕೆಂಪು ನೀರು ಗುಳುಗುಳು ಎಂದು ಮೇಲೆದ್ದು ಹಿತ್ತಿಲು ತುಂಬಿತು, ಹೊಸಿಲು ದಾಟಿತು. ಗಾದ್ರಮ್ಮ ನಾಯಿಗಳನ್ನು ಮಂಚಕ್ಕೆ ಹತ್ತಿಸಿದಳು. ಇಮಾಮ್‌ಸಾಬರ ಗಾದಿಯನ್ನು ಅಟ್ಟಕ್ಕೆ ಎಸೆದಳು. ಸೀರೆ ಎತ್ತಿ ಕಟ್ಟಿ, ಬೋಗುಣಿ ಹಿಡಿದು ನೀರು ಗೋರಿದಳು. ಗೋರಿ ಹೊರಗೆ ಚೆಲ್ಲಿದಷ್ಟೂ ಒಳಗೆ. ಸೊಂಟ ಕಳಚಿ ಬೀಳುವಂತಾಯಿತು. ಚಿತ್ತಪ್ಪ ಬಾಗಿಲಿಗೆ ಅಡ್ಡ ಮಣ್ಣು ಒಟ್ಟುತ್ತಿದ್ದ.

“ಏನು ತೀರ್ಮಾನ ಮಾಡಿದೆ?”

ಕತ್ತೆತ್ತಿದಳು. ಗೋಡೆಯಾಚೆ, ಹೊಸ ಅಂತಸ್ತಿನ ಮೇಲೆ ಪಂಚಾಕ್ಷರಪ್ಪ ಕೊಡೆ ಹಿಡಿದು ನಿಂತಿದ್ದರು.

“ನಾಳೆ ಶೆಡ್ಡಿನ ಕೆಲಸ ಶುರು ಮಾಡಿಸ್ಲೇನು? ನೋಡು, ಅಲ್ಲಾದ್ರೆ ನೀರು ಬರಾದಿಲ್ಲ.”

ಗಾದ್ರಮ್ಮ ಮೊಣಕಾಲು ನೀರಿನಲ್ಲಿ ನೆಟ್ಟಗೆ ನಿಂತಳು. ಬೋಗುಣಿ ಕೈಯಲ್ಲೇ ಇತ್ತು.

“ಬ್ಯಾಡ ಯಜಮಾನ್ರೆ.”

“ಏನಂದೆ?”

“ಬ್ಯಾಡ ಅಂದೆ. ಕೈ ಇರಾ ಕಡೆ ಹೆಸರೂ ಇರಬೇಕು. ನಾನು ಬರಾದಿಲ್ಲ.”

ಚಿತ್ತಪ್ಪ ಸಲಿಕೆ ನಿಲ್ಲಿಸಿದ್ದ.

“ಮೂರು ದಿನ ಕಳೆದ್ರೆ ಬೀಗ ಬೀಳ್ತೈತೆ. ಗೊತ್ತೈತೇನು?” ಅವರ ದನಿ ಮೊದಲ ಸಲ ಏರಿತು. “ತಿಂದ ಮನೆಗೆ ಎರಡು ಬಗೆಯಾಕೆ ಹೋಗಬ್ಯಾಡ.”

“ನಿಮ್ಮನೆದು ನಾವು ತಿಂದಿಲ್ಲ ಅನ್ನಾದಿಲ್ಲ. ನಿಮ್ಮ ನಾಯಿ ನಮ್ಮನೇದು ತಿಂದೈತೆ, ನಿಮ್ಮನೇದು ನನ್ನ ಗಂಡ ತಿಂದಾನೆ. ಇಬ್ರೂ ಬದುಕ್ಯಾರೆ.” ಚಿತ್ತಪ್ಪನ ಕಡೆ ತಿರುಗಿ ನೋಡಲಿಲ್ಲ ಅವಳು. ನೋಡಿದ್ದರೆ ಅವನು ನಗುತ್ತಿದ್ದುದು ಕಾಣುತ್ತಿತ್ತು. “ಶೇರುನ ಕರಕಂಡು ಹೋಗ್ರಿ. ನಾನು ತಂದು ಒಪ್ಪಿಸಾದಿಲ್ಲ. ಹಗ್ಗ ಬಿಟ್ರೆ ನಾಯಿ ಹತ್ತಾದಿಲ್ಲ. ಸುತ್ತಿ ಬರ್ರಿ. ನನ್ನ ಮನೆ ಎಲ್ಲೈತೆ ಅಂತ ಕೇಳ್ಕಂಡು, ಬಾಗಿಲ ತನಕ ಬರ್ರಿ.”

ಕೊಡೆ ಮಾಯವಾಯಿತು.

ಗಾದ್ರಮ್ಮ ಮತ್ತೆ ಬಗ್ಗಿ ನೀರು ಗೋರಿದಳು. ಮಳೆ ನಿಂತು ನೀರು ಇಳಿಯಲು ಸಂಜೆಯಾಯಿತು. ನೆಲದ ಮೇಲೆ ಬೆರಳುದ್ದ ಕೆಂಪು ಕೆಸರು ಉಳಿದಿತ್ತು. ತೊಳೆಯಲು ಕೂತವಳು ತಟ್ಟನೆ ಎದ್ದಳು. ಟ್ರಂಕಿನಿಂದ ಆ ಹಾಳೆ ತಂದಳು. ಪೂರ್ವದ ಖಾನೆಯಲ್ಲಿ ಇಮಾಮ್‌ಸಾಬರ ಸಹಿ. ಪಶ್ಚಿಮದಲ್ಲಿ ಲಕ್ಷ್ಮಕ್ಕನ ಹೆಬ್ಬೆಟ್ಟು. ಉತ್ತರದ ಖಾನೆ ಖಾಲಿ. ಗಾದ್ರಮ್ಮ ಗೋಡೆಯ ಬುಡದ ಕೆಸರಿಗೆ ಅಂಗೈ ಅದ್ದಿ, ಆ ಖಾನೆಯ ಮೇಲೆ ಒತ್ತಿದಳು.

ಮರುದಿನ ಒಣಗಿದ ಹಾಳೆಯನ್ನು ಭೀಮೇಶನ ಮುಂದಿಟ್ಟಳು.

“ಏನಮ್ಮ ಇದು ಹೊಲಸು?”

“ಹಳ್ಳದ ಸಹಿ ಸಾ. ನೀವೇ ಕೇಳಿದ್ರಿ. ನಿನ್ನೆ ಬಂದಿತ್ತು, ಹಾಕಿಸ್ಕಂಡೆ.”

ಈ ಸಲ ನಗು ಅರ್ಧಕ್ಕೇ ನಿಂತಿತು. ಭೀಮೇಶ್ ಹಾಳೆಯನ್ನು ಬೆರಳ ತುದಿಯಲ್ಲಿ ಹಿಂದಕ್ಕೆ ತಳ್ಳಿದ. “ತಮಾಷೆ ಮಾಡ್ತೀಯೇನು? ಇದು ನಡೆಯಾದಿಲ್ಲ.”

“ನಡೆಯಾದಿಲ್ಲ ಅಂತ ಬರ್ಕೊಡ್ರಿ. ಹಳ್ಳದ ಸಹಿ ಯಾಕೆ ನಡೆಯಾದಿಲ್ಲ, ಹಳ್ಳ ಯಾಕಿಲ್ಲ, ಅದನ್ನ ಮುಚ್ಚಿದೋರು ಯಾರು, ಎಲ್ಲಾ ಬರ್ದು ಕೊಡ್ರಿ. ನಾನು ಹೋಗ್ತೀನಿ.”

ಭೀಮೇಶ್ ಪೆನ್ನು ತೆಗೆದುಕೊಳ್ಳಲಿಲ್ಲ.

“ಇನ್ನೊಂದು. ನೋಟಿಸಿನಾಗೆ ಸಾರ್ವಜನಿಕ ದೂರು ಅಂತ ಐತೆ. ನನ್ನ ಮ್ಯಾಲೆ ಕೊಟ್ಟ ದೂರು ನಂಗೆ ಓದಿ ಹೇಳ್ರಿ. ಅದ್ರಾಗೆ ನನ್ನ ಮನೆ ಎಲ್ಲೈತೆ ಅಂತ ಬರದಾರೆ?”

ಭೀಮೇಶ್ ಫೈಲನ್ನು ತನ್ನ ಕಡೆಗೆ ಎಳೆದುಕೊಂಡ. ದುರ್ಗಾಂಬಿಕಾ ಎದ್ದು ಬಂದು ಅದರ ಇನ್ನೊಂದು ತುದಿ ಹಿಡಿದಳು. “ದೂರು ನಾನೇ ತಗಂಡಿದ್ದು ಸರ್. ಅವರಿಗೆ ಕೇಳಾ ಹಕ್ಕು ಐತೆ,” ಎಂದಳು. ಗಟ್ಟಿಯಾಗಿ ಓದಿದಳು. “ನಮ್ಮ ಬಡಾವಣೆಯ ದಕ್ಷಿಣ ಗೋಡೆಗೆ ಹೊಂದಿಕೊಂಡಿರುವ ಗಾದ್ರಮ್ಮ ಕೋಂ ಚಿತ್ತಪ್ಪ ಇವರ ಮನೆಯಲ್ಲಿ...”

“ಸಾಕವ್ವ,” ಎಂದಳು ಗಾದ್ರಮ್ಮ. “ದೂರು ಕೊಡಾಕೆ ನಂದು ಮನೆ. ಸಹಿ ಹಾಕಾಕೆ ಖರಾಬು. ನೀವೇ ಹೇಳ್ರಿ ಸಾ, ಯಾವುದಕ್ಕೆ ಬೀಗ ಹಾಕ್ತೀರಿ? ಮನೆಗೋ, ಖರಾಬಿಗೋ?”

ಭೀಮೇಶ್ ಫೈಲನ್ನು ಮರಳಿ ಎಳೆದುಕೊಂಡು ಮುಚ್ಚಿದ.

“ಇದೆಲ್ಲ ಸಾಹೇಬರಿಗೆ ಬಿಟ್ಟಿದ್ದು,” ಎಂದು ಭೀಮೇಶ್ ಎದ್ದ. “ಸಾಹೇಬರು ಮೀಟಿಂಗಿಗೆ ಹೋಗ್ಯಾರೆ. ಯಾವಾಗ ಬರ್ತಾರೋ ಗೊತ್ತಿಲ್ಲ. ನೋಟಿಸಿನ ತಾರೀಖು ಮಾತ್ರ ಬದಲಾಗಾದಿಲ್ಲ. ನಾಡಿದ್ದಿಗೆ ಮುಗೀತೈತೆ.”

“ನಂಗೆ ಸ್ವೀಕೃತಿ ಕೊಡ್ರಿ. ಅಲ್ಲೀಗಂಟ ಕೂರ್ತೀನಿ.”

ಕೂತಳು. ಜನ ಬಂದರು, ಹೋದರು. ಭೀಮೇಶ್ ಊಟಕ್ಕೆ ಹೋಗಿ ಬಂದ. ಅವಳು ಕೂತೇ ಇದ್ದಳು. ನಾಲ್ಕು ಗಂಟೆಗೆ ದುರ್ಗಾಂಬಿಕಾ ಯಾರನ್ನೂ ಕೇಳದೆ ಅರ್ಜಿಯನ್ನು ತನ್ನ ಟೇಬಲ್ಲಿಗೆ ಎಳೆದುಕೊಂಡಳು. ದೊಡ್ಡ ಪುಸ್ತಕದಲ್ಲಿ ನಂಬರು ಬರೆದಳು. ಅರ್ಜಿದಾರರ ಹೆಸರು. ಉದ್ದಿಮೆ, ನಾಯಿಗಳ ತಂಗುಮನೆ. ಲಗತ್ತುಗಳು ಎಂಬಲ್ಲಿ ಅವಳ ಪೆನ್ನು ನಿಂತಿತು. ಆಮೇಲೆ ಪಶು ಆಸ್ಪತ್ರೆಯ ಪತ್ರ, ಹಕ್ಕುಪತ್ರದ ನಕಲು ಎಂದು ಬರೆದು, ಅವುಗಳ ಕೆಳಗೆ ದುಂಡಗೆ ಬರೆದಳು. ಹಳ್ಳದ ಸಹಿ, ಒಂದು.

ಮೊಹರು ಬಿತ್ತು. ಚೀಟಿ ಗಾದ್ರಮ್ಮನ ಕೈಗೆ ಬಂತು.

ಚೀಟಿಯಿಂದ ಬೀಗ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮನೆಗೆ ಬಂದು ಅದನ್ನು ಗೋಡೆಗೆ ಅಂಟಿಸಿದಳು, ಒಂದು ಕಾಲದಲ್ಲಿ ಇಕ್ಕಳ ನೇತಾಡುತ್ತಿದ್ದ ಮೊಳೆಯ ಪಕ್ಕಕ್ಕೆ. ಚಿತ್ತಪ್ಪ ಮುದ್ದೆ ಕಟ್ಟುತ್ತಿದ್ದ. ಶೇರು ಅವನ ಎದುರು ಕೂತು ಜೊಲ್ಲು ಸುರಿಸುತ್ತಿತ್ತು. ಆ ದಿನ ಮಧ್ಯಾಹ್ನ ಕ್ಯಾರಿಯರ್ ಇಳಿದಿರಲಿಲ್ಲ.

ಕಾಲೋನಿಯ ಬಾಯಿಯಲ್ಲಿ ಹಾರನ್ ಕೇಳಿತು.

ಶೇರು ಕಿವಿ ನಿಮಿರಿಸಿತು. ಚಿತ್ತಪ್ಪ ಹೆಂಡತಿಯ ಮುಖ ನೋಡಿದ. ಎರಡನೆಯ ಸಲ ಕೇಳಿತು, ಉದ್ದಕ್ಕೆ. ಲಕ್ಷ್ಮಕ್ಕ ಗೋಡೆಗೆ ಒನಕೆ ಬಡಿದು, “ಯಾವನೋ ಅವನು ಒದರಾನು!” ಎಂದು ಕೂಗಿದಳು.

ಗಾದ್ರಮ್ಮ ಬಾಗಿಲನ್ನು ಪೂರ್ತಿ ತೆರೆದಳು. ಹೊಸಿಲಿನ ಒಳಗೆ ಕೂತು, ಕುರುಡು ನಾಯಿಯನ್ನು ಮಡಿಲಿಗೆ ಎಳೆದುಕೊಂಡು, ಕಿವಿಯ ಸಂದಿಯಲ್ಲಿ ಉಣ್ಣೆ ಹುಡುಕತೊಡಗಿದಳು.

ಮೂರನೆಯ ಹಾರನ್ ಆಯಿತು. ಅವಳು ಏಳಲಿಲ್ಲ.